ಕಾಮೆಂಟಿನ ಸಾಕ್ಷಿ

“ಅಕ್ಕಾ, ಈ ದೂರು ಬರ್ದಿರೋದು ನೀನೇನಾ?” ಚೈತ್ರ ಮೊಬೈಲನ್ನು ಮುಂದೆ ಹಿಡಿದಾಗ, ಊದುಬತ್ತಿ ಹೊಸೆಯುತ್ತಿದ್ದ ಸರ್ವಮಂಗಳಾಳ ಅಂಗೈ ಮಣೆಯ ಮೇಲೆಯೇ ನಿಂತುಬಿಟ್ಟಿತು.

ಕಾರ್ಖಾನೆಯ ಮಾಲೀಕರಿಗೆ ನರಸೀಪುರದಲ್ಲಿ ಸನ್ಮಾನವಾದ ಸುದ್ದಿ ಒಂದು ಜಾಲತಾಣದಲ್ಲಿ ಬಂದಿತ್ತು. ಅದರ ಕೆಳಗೆ ಚೈತ್ರ, ‘ದೇವರಿಗೆ ಹಚ್ಚುವ ಬತ್ತಿಯ ಸೆಂಟಿನ ಘಾಟಿಗೆ ಇಲ್ಲಿ ಹೆಂಗಸರು ಎಚ್ಚರ ತಪ್ಪಿ ಬೀಳುತ್ತಾರೆ, ಕಿಟಕಿ ಮಾತ್ರ ತೆರೆಸುವುದಿಲ್ಲ’ ಎಂದು ಕಾಮೆಂಟು ಹಾಕಿದ್ದಳು. ಹಾಗೆ ಬಿದ್ದವಳು ಸರ್ವಮಂಗಳಾಳೇ. ನೀರು ಚಿಮುಕಿಸಿ ಎಬ್ಬಿಸಿದವಳು ಚೈತ್ರ. “ಬರಿ ಕಣವ್ವ, ಯಾರ್ ಕೇಳುದ್ರೂ ನಾನ್ ಸಾಕ್ಷಿ ಯೋಳ್ತೀನಿ” ಎಂದು ಅವತ್ತು ಸರ್ವಮಂಗಳಾಳೇ ಕೊರಳ ಲಿಂಗ ಮುಟ್ಟಿ ಹೇಳಿದ್ದಳು. ಈಗ ಜಾಲತಾಣದವರು ನಿಯಮದ ಪ್ರಕಾರ ಕಾಮೆಂಟನ್ನು ತೆಗೆದು, ತಮಗೆ ಬಂದ ದೂರಿನ ಪ್ರತಿಯನ್ನು ಚೈತ್ರಳಿಗೆ ಕಳಿಸಿದ್ದರು. ‘ಇಲ್ಲಿ ಹೆಂಗಸರು ಬೀಳುತ್ತಾರೆಂಬುದು ಶುದ್ಧ ಸುಳ್ಳು’ ಎಂಬ ಸಾಲಿನ ಕೆಳಗೆ ಸರ್ವಮಂಗಳಾಳ ಹೆಸರಿತ್ತು. ಸಾಕ್ಷಿ ಕೊಟ್ಟರೆ ಕಾಮೆಂಟನ್ನು ಮತ್ತೆ ಹಾಕುತ್ತೇವೆಂದು ಅವರು ಬರೆದಿದ್ದರು. ಸಾಕ್ಷಿ ಇಲ್ಲದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡವೆಂದು ಮಾಲೀಕರು ಬೆಳಿಗ್ಗೆಯೇ ಚೈತ್ರಳಿಗೆ ಹೇಳಿಯಾಗಿತ್ತು.

“ನಮ್ ಮಗ ಬಸವೇಶುಂಗೆ ಆಫೀಸಲ್ಲಿ ಕೆಲ್ಸ ಕೊಡ್ತೀನಿ ಅಂದ್ರು ಕಣವ್ವ.” ಸರ್ವಮಂಗಳಾ ತಲೆಯೆತ್ತಲಿಲ್ಲ. “ನೀನು ವಯಸ್ನೋಳು, ಎಲ್ಲಾದ್ರೂ ಬದುಕ್ಕತೀಯ. ಈ ಅಕ್ಕನ ಮ್ಯಾಲೆ ಕ್ವಾಪ ಮಾಡ್ಕಬ್ಯಾಡ.”

ಚೈತ್ರ ಮೊಬೈಲನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಇಲ್ಲ ಬುಡಿ, ಸರ್ವಮಂಗಳಮ್ಮೋರೇ” ಎಂದಳು. “ನಿಮ್ ಮ್ಯಾಲೆ ನಂಗ್ಯಾಕೆ ಕ್ವಾಪ?”