ಗುಡುಗು ಮೇಷ್ಟ್ರ ಕೊನೆಯ ವಿದ್ಯಾರ್ಥಿನಿ

ಕಾರು ಗಕ್ಕನೆ ನಿಂತಿತು. ಅರ್ಧ ಗಂಟೆಯಲ್ಲಿ ಐದನೇ ಸಲ.

“ಅಯ್ಯೋ, ಮತ್ತೆ ಆಫ್ ಆಯ್ತಲ್ಲ ಮೇಷ್ಟ್ರೇ!” ಸ್ಟಿಯರಿಂಗ್ ಹಿಡಿದಿದ್ದ ಅಜ್ಜಿ ಕಣ್ಣರಳಿಸಿದರು.

ಪಕ್ಕದ ಸೀಟಿನಲ್ಲಿದ್ದ ಡ್ರೈವಿಂಗ್ ಮೇಷ್ಟ್ರ ಗಂಟಲವರೆಗೆ ಬಂದ ಬೈಗುಳ ಅಲ್ಲೇ ನಿಂತಿತು. ನಿಲ್ಲಲೇಬೇಕಿತ್ತು. ಊರೆಲ್ಲ ಅವರನ್ನು ಕರೆಯುತ್ತಿದ್ದುದೇ ಗುಡುಗು ಮೇಷ್ಟ್ರು ಎಂದು. ಕಲಿಯಲು ಬಂದ ಮೂವರು ಒಂದೇ ತಿಂಗಳಲ್ಲಿ ಅಳುತ್ತ ಮನೆಗೆ ಹೋಗಿದ್ದರು. ಆ ದಿನ ಬೆಳಿಗ್ಗೆಯೇ ಡ್ರೈವಿಂಗ್ ಶಾಲೆಯ ಒಡತಿ ಕರೆಸಿ, “ಈ ಅಜ್ಜಿಗೆ ಕಲಿಸಿ. ಅವ್ರು ಒಂದೇ ಒಂದು ದೂರು ಹೇಳಿದ್ರೂ ಸಾಕು, ಕೀ ಕೊಟ್ಟು ಹೊರಡಿ,” ಎಂದಿದ್ದಳು. ಹೇಳುವಾಗ ಏಕೋ ನಗು ತಡೆದುಕೊಳ್ಳುತ್ತಿದ್ದಳು.

ಮೇಷ್ಟ್ರಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಮನೆಯಲ್ಲಿ ಹೆಂಡತಿಯೂ, “ಮೊದಲು ನಿಮ್ಮ ಬಾಯಿಗೊಂದು ಬ್ರೇಕ್ ಹಾಕಿಸ್ಕೊಳ್ಳಿ,” ಎಂದು ಎಚ್ಚರಿಸಿದ್ದಳು.

ಅಜ್ಜಿಗೋ ಕ್ಲಚ್ಚಿನ ಗಂಧಗಾಳಿಯೂ ಇದ್ದಂತಿರಲಿಲ್ಲ. ಆದರೆ ಅದೃಷ್ಟ ದೊಡ್ಡದು. ದಿನಾ ಕಾರು ಆಫ್ ಆಗುತ್ತಿದ್ದುದು ಹಿಂದೆ ಮುಂದೆ ಯಾರೂ ಇಲ್ಲದ ಕಡೆಯಲ್ಲೇ. ಗಿಜಿಗುಡುವ ಪೇಟೆ ರಸ್ತೆಯಲ್ಲಿ ಒಮ್ಮೆಯೂ ಇಲ್ಲ. ಭಯಕ್ಕೆ ಕಾಲು ಹಿಡಿತಕ್ಕೆ ಬರುತ್ತದೆ ಎಂದುಕೊಂಡರು ಮೇಷ್ಟ್ರು.

ಇಳಿಯುವಾಗ ಅಜ್ಜಿ ಒಂದು ದಿನವೂ ತಪ್ಪಿಸದೆ ಹೇಳುತ್ತಿದ್ದರು, “ಥ್ಯಾಂಕ್ಸ್ ಮೇಷ್ಟ್ರೇ. ಇವತ್ತು ಎಷ್ಟು ಚೆನ್ನಾಗಿ ಹೇಳ್ಕೊಟ್ರಿ!”

ಹನ್ನೆರಡು ವರ್ಷದ ಕೆಲಸದಲ್ಲಿ ಆ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಮೊದಲ ದಿನ ಏನೂ ತೋಚದೆ ಬಾಗಿಲನ್ನು ಧಡ್ ಎಂದು ಹಾಕಿಕೊಂಡರು. ನಾಲ್ಕನೇ ದಿನ ಸಣ್ಣಗೆ ನಕ್ಕರು. ಎಂಟನೇ ದಿನ ಅಜ್ಜಿಯ ಬೆನ್ನಿಗೆಂದು ಮನೆಯಿಂದ ದಿಂಬು ತಂದರು. ಮತ್ತೊಂದು ವಾರಕ್ಕೆ, ಕಾರು ನಿಂತಾಗ, “ಇರ್ಲಿ ಬಿಡಿ ಅಜ್ಜಿ, ಇಂಜಿನ್ನಿಗೂ ಸುಸ್ತಾಗುತ್ತೆ,” ಎಂಬ ಮಾತು ಕೇಳಿಸಿತು. ಯಾರಪ್ಪಾ ಹೇಳಿದ್ದು ಎಂದು ಮೇಷ್ಟ್ರು ಒಮ್ಮೆ ಹಿಂದಿನ ಖಾಲಿ ಸೀಟಿನತ್ತ ತಿರುಗಿ ನೋಡಿದರು.

ಆ ಸಂಜೆ, ಅಳುತ್ತ ಹೋಗಿದ್ದ ಮೂವರಿಗೂ ತಾವೇ ಫೋನು ಮಾಡಿ ತಪ್ಪಾಯಿತೆಂದರು. ಇಬ್ಬರು ಮರಳಿ ಬಂದರು. ಮೂರನೆಯವಳು ಯೋಚಿಸಿ ಹೇಳುತ್ತೇನೆ ಎಂದಳು.

ಲೈಸೆನ್ಸ್ ಪರೀಕ್ಷೆಯ ದಿನ ಮೇಷ್ಟ್ರಿಗೆ ಕೆಲಸ ಹೋದೀತೆಂಬ ಭಯ ಇದ್ದೇ ಇತ್ತು. ಆದರೆ ಈ ವಯಸ್ಸಿನಲ್ಲಿ ಅಜ್ಜಿ ನಾಲ್ಕು ಜನರೆದುರು ಸೋತು ಸಪ್ಪಗಾಗುವುದನ್ನು ನೋಡಬೇಕಲ್ಲ ಎಂಬ ಸಂಕಟವೇ ಹೆಚ್ಚು.

“ಫೇಲಾದ್ರೆ ತಪ್ಪು ನಂದು ಅಜ್ಜಿ, ನಿಮ್ದಲ್ಲ. ನಾನೇ ಹಾಗಂತ ಹೇಳ್ತೀನಿ. ಇನ್ನೊಂದು ತಿಂಗಳು ಕಲಿಯೋಣ.”

ಅಜ್ಜಿಯ ಕಣ್ಣು ಒದ್ದೆಯಾಯಿತು. ಕನ್ನಡಕ ತೆಗೆದು ಒರೆಸಿಕೊಂಡರು.

ಪರೀಕ್ಷೆ ಮಾಡುವ ಅಧಿಕಾರಿ ಗತ್ತಿನಿಂದ ಬಂದು ಕಿಟಕಿಯೊಳಗೆ ಬಗ್ಗಿದ. ಮರುಕ್ಷಣವೇ ಗತ್ತು ಬಿಟ್ಟು ಬಾಯ್ತುಂಬ ನಕ್ಕ.

“ಬಂದ್ರಾ ಇನ್ನೊಬ್ಬ ಮೇಷ್ಟ್ರನ್ನ ಕರ್ಕೊಂಡು! ಮೂವತ್ತು ವರ್ಷ ಬಸ್ ಓಡಿಸಿದೋರು ನೀವು, ನಿಮಗೇನು ಟೆಸ್ಟ್ ಅಜ್ಜಿ? ನಾನು ಮೇಷ್ಟ್ರಾಗಿದ್ದಾಗ ನನ್ನ ಕಾರನ್ನೂ ಹೀಗೇ ಆಫ್ ಮಾಡಿ ಮಾಡಿ ನನ್ನನ್ನ ಮನುಷ್ಯನ್ನಾಗಿ ಮಾಡಿದ್ರಿ. ಇವ್ರು ಹೇಗೆ?”

“ಪಾಸು,” ಎಂದರು ಅಜ್ಜಿ.