ಕಣ್ಣು ಹೊಡೆಯುವ ದೀಪ

"ನೋಡು, ಮತ್ತೆ ಕಣ್ಣು ಹೊಡೀತು!" ತಿರುವಿನಲ್ಲಿ ಸ್ಟೀರಿಂಗ್ ಹಿಂದಿನ ಫಲಕದಲ್ಲಿ ಮಿನುಗಿದ ಹಳದಿ ದೀಪವನ್ನು ತೋರಿಸಿ ಅಪ್ಪ ನಕ್ಕ. ಮೂವತ್ತು ವರ್ಷದಿಂದ ಶಾಲೆಯ ವ್ಯಾನ್ ಓಡಿಸುತ್ತಿರುವವನು. "ಈ ಗಾಡಿಗೆ ನನ್ನ ಕಂಡ್ರೆ ಪ್ರಾಣ. ದಿನಾ ಹತ್ತು ಸಲ ಹಿಂಗೇ."

ಪಕ್ಕದಲ್ಲಿ ಕೂತಿದ್ದ ಮಗಳು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಅವಳಿಗೆ ನಗು ಬರಲಿಲ್ಲ.

"ಅಪ್ಪಾ, ಗಾಡಿ ಜಾರಿದ್ರೆ ಮಾತ್ರ ಅದು ಮಿನುಗೋದು. ಆಗ ಗಾಡಿನೇ ಬೇಕಾದ ಚಕ್ರಕ್ಕೆ ಬ್ರೇಕ್ ಹಾಕಿ ದಾರಿಗೆ ತರುತ್ತೆ. ರಸ್ತೆ ಒಣಗಿದೆ, ಹೊಸ ಟೈರು ಮೊನ್ನೆ ನಾನೇ ಹಾಕಿದ್ದು. ಮತ್ತೆ ಪ್ರತಿ ತಿರುವಲ್ಲೂ ಯಾಕೆ ಜಾರುತ್ತೆ? ತಿರುವು ನಿಂಗೆ ಕಾಣ್ತಿದೆಯಾ?"

"ಹತ್ರ ಬಂದ್ಮೇಲೆ ಕಾಣುತ್ತಲ್ಲೇ."

ಆಡಿದ ಮಾತು ಆಗಷ್ಟೇ ಕಿವಿಗೆ ಬಿದ್ದಂತೆ ಅವನು ವ್ಯಾನನ್ನು ಬದಿಗೆ ನಿಲ್ಲಿಸಿದ. ಕನ್ನಡಿಯಲ್ಲಿ ಹಿಂದಿನ ಹದಿನಾಲ್ಕು ಖಾಲಿ ಸೀಟುಗಳನ್ನು ಬಹಳ ಹೊತ್ತು ನೋಡಿದ.

"ಹಂಗಾದ್ರೆ ಇಷ್ಟು ದಿನ ಮಕ್ಕಳನ್ನ ಮನೆ ಮುಟ್ಟಿಸಿದ್ದು ನಾನಲ್ವಾ?"