ತಟ್ಟೆ ತೊಳೆದ ನೀರು

“ಅಪ್ಪಾಜಿ, ಇವತ್ತೊಂದಿನ ಬೇಡ ಅಂತ ಬೆಳಗ್ಗಿಂದ ಬಡ್ಕೊತಿದೀನಲ್ಲ!” ಷಡಕ್ಷರಪ್ಪ ಹಲ್ಲು ಕಡಿದ. ಊಟ ಮುಗಿಸಿದ ತಂದೆ ಉಜ್ಜನಪ್ಪ ಆಗಲೇ ತಟ್ಟೆಗೆ ನೀರು ಹಾಕಿ ಬೆರಳಾಡಿಸುತ್ತಿದ್ದರು. “ಪ್ರಸಾದ ಕಣೋ ಮಾರಾಯ, ಚೆಲ್ಲಕ್ಕಾಗುತ್ತಾ?” ಎಂದು ತಟ್ಟೆಯೆತ್ತಿ ಗಟಗಟ ಕುಡಿದೇಬಿಟ್ಟರು.

ಎದುರಿಗೆ ಕುಳಿತಿದ್ದವರು ಭದ್ರಾವತಿಯ ಕಾರ್ಖಾನೆಗೆ ಬಂದಿದ್ದ ಜರ್ಮನಿಯ ಎಂಜಿನಿಯರ್. ಕಂಡದ್ದನ್ನೆಲ್ಲ ಮಾಡಿ ನೋಡುವ ಮನುಷ್ಯ. ಮಾನ ಹೋಯಿತೆಂದುಕೊಂಡ ಷಡಕ್ಷರಪ್ಪ, ನಾಗರಿಕರ ರೀತಿ ತೋರಿಸಲೆಂದು ಅರ್ಧ ಅನ್ನ ಬಿಟ್ಟು ಆ ತಟ್ಟೆಯಲ್ಲೇ ಕೈ ತೊಳೆದ.

ಅತಿಥಿ ಮಾತ್ರ ಉಜ್ಜನಪ್ಪನವರಂತೆಯೇ ತಟ್ಟೆ ತೊಳೆದು, ಕಣ್ಣು ಮುಚ್ಚಿ ಅಷ್ಟನ್ನೂ ಕುಡಿದರು. ಆಮೇಲೆ ಷಡಕ್ಷರಪ್ಪನ ತಟ್ಟೆಯನ್ನೇ ನೋಡುತ್ತಾ ಕುಳಿತರು. ಅದರಲ್ಲಿ ಅನ್ನದಗುಳು, ಕರಿಬೇವು, ಕಚ್ಚಿ ಬಿಟ್ಟ ಮೆಣಸಿನಕಾಯಿ ತೇಲುತ್ತಿದ್ದವು.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಜಗದಾಂಬಾ ಹೇಳಿದಳು: “ಕುಡೀರಿ ಮತ್ತೆ. ಪಾಪ, ಅವ್ರು ಕಾಯ್ತಿದಾರೆ.”